ಮೃತ್ಯುಂಜಯನ ಪೂರ್ತಿ ಹೆಸರು

ತೆರಕಣಾಂಬಿಯ ಚಿಕ್ಕಮಲ್ಲಮ್ಮ ಒಮ್ಮೆ ಮನಸ್ಸು ಗಟ್ಟಿ ಮಾಡಿಕೊಂಡರೆ ಅದನ್ನು ಅಲುಗಿಸುವುದು ಯಾರಿಂದಲೂ ಆಗದು ಎಂಬುದನ್ನು ಅವಳ ಗಂಡ ಶಾಂತಮಲ್ಲಪ್ಪ ಮದುವೆಯಾದ ಹೊಸತರಲ್ಲೇ ಕಂಡುಕೊಂಡಿದ್ದ. ಕೇರಳದವರು ಹೊಲಕ್ಕೇ ಬಂದು ಚೆಂಡುಹೂವು ಕೊಳ್ಳುತ್ತಾರೆ ಎಂದು ಅಕ್ಕಪಕ್ಕದವರೆಲ್ಲ ಹೂವಿಗೆ ಬಿದ್ದ ವರ್ಷವೂ ಅವಳು ತನ್ನ ಹೊಲಕ್ಕೆ ಅರಿಸಿನವನ್ನೇ ಹಾಕಿಸಿದ್ದಳು. ಅಂಥವಳು ಎಪ್ಪತ್ತರ ಹತ್ತಿರ ಬಂದ ಮೇಲೆ ಹಟ ಹಿಡಿದದ್ದು ತಮ್ಮನ ಸಮಾಧಿಯ ಕಲ್ಲಿಗಾಗಿ.

ತಮ್ಮ ಮೃತ್ಯುಂಜಯ ನ್ಯೂಜಿಲೆಂಡಿನಲ್ಲಿ ತೀರಿಕೊಂಡು ಕೆಲವು ತಿಂಗಳಾಗಿತ್ತು. ಐಟಿಐ ಓದಿ ಮೈಸೂರಿನ ಹಾಲಿನ ಡೈರಿಯಲ್ಲಿ ಶೀತಯಂತ್ರಗಳ ರಿಪೇರಿ ಕಲಿತವನು ಮೊದಲು ಮಸ್ಕತ್ತಿಗೆ ಹೋದ, ಅಲ್ಲಿಂದ ನ್ಯೂಜಿಲೆಂಡಿನ ಹಾಲಿನಪುಡಿ ಕಾರ್ಖಾನೆ ಸೇರಿದ, ಅಲ್ಲೇ ನೆಲೆ ನಿಂತ. ಎದೆನೋವು ಬಂದು ತೀರಿಕೊಂಡಾಗ ಅಲ್ಲಿಯೇ ಮಣ್ಣು ಮಾಡಿದರು. ಅಲ್ಲಿನ ಸ್ಮಶಾನಗಳಲ್ಲಿ ಚಾಮರಾಜನಗರದ ಕರಿಕಲ್ಲು ಮಿರಮಿರ ಮಿಂಚುವುದನ್ನು ನೋಡಿದಂದಿನಿಂದ, ತನ್ನ ತಲೆಯ ಮೇಲೂ ನಮ್ಮೂರ ಕಲ್ಲೇ ಇರಬೇಕು ಎಂದು ಅವನು ನಗುನಗುತ್ತಲೇ ಹೇಳುತ್ತಿದ್ದನಂತೆ. ಆ ಮಾತು ನಡೆಸಿಕೊಡಲೆಂದು ಮಗಳು ಶಿವಾನಿ ಸೋದರತ್ತೆಯ ಮನೆಗೆ ಬಂದಿಳಿದಳು.

ಬಂದ ಮಾರನೆಯ ದಿನವೇ ಕಲ್ಲಿನ ಮೇಲೆ ಏನು ಬರೆಸುವುದು ಎಂಬ ಮಾತು ಬಂತು.

"ಜೇ ಅಂತ ಬರೆಸ್ತೀನಿ ಅತ್ತೆ," ಅಂದಳು ಶಿವಾನಿ. "ಕೆಳಗೆ ಹುಟ್ಟಿದ ದಿನ, ಹೋದ ದಿನ."

ಚಿಕ್ಕಮಲ್ಲಮ್ಮ ಕಾಫಿ ಲೋಟ ಕೆಳಗಿಟ್ಟಳು. "ಯಾವನ್ಗಮ್ಮಿ ಜೇ? ನಮ್ಮಪ್ಪನ್ ಮಗನ್ಗ?"

"ಅಲ್ಲಿ ಅಪ್ಪನ್ನ ಎಲ್ಲರೂ ಹಾಗೇ ಕರೀತಿದ್ದದ್ದು."

"ಕರೀಲಿ. ಕಲ್ ಮೇಲೆ ಬರ್ಯದು ಅವ್ನ ಹೆಸ್ರು. ಮುರ್ತುಂಜಯ."

ಶಾಂತಮಲ್ಲಪ್ಪ ಜಗಲಿಯಿಂದಲೇ, "ಓಗ್ಲಿ ಬುಡು, ಹೆತ್ತ ಮಗಳ್ಗಿಂತ ನಿಂಗೊತ್ತಾ" ಎಂದ. ಹೆಂಡತಿ ಅತ್ತ ತಿರುಗಿಯೂ ನೋಡಲಿಲ್ಲ.

ಆ ಹೆಸರು ಸುಮ್ಮನೆ ಇಟ್ಟದ್ದಾಗಿರಲಿಲ್ಲ. ಚಿಕ್ಕಮಲ್ಲಮ್ಮನಾದ ಮೇಲೆ ಅವಳ ತಾಯಿಗೆ ಹುಟ್ಟಿದ ಎರಡು ಗಂಡುಕೂಸುಗಳು ತೊಟ್ಟಿಲಲ್ಲೇ ಹೋಗಿದ್ದವು. ಮೂರನೆಯದು ಹುಟ್ಟಿದಾಗ ಅಪ್ಪ ಮರಿಮಲ್ಲಪ್ಪ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮಠಕ್ಕೆ ಓಡಿದ್ದ. ಸ್ವಾಮಿಗಳು ಕೂಸಿನ ಹಣೆಗೆ ವಿಭೂತಿ ಹಚ್ಚಿ, ಸಾವನ್ನು ಗೆದ್ದವನ ಹೆಸರಿಟ್ಟು ಕಳಿಸಿದರು. ಕೂಸು ಉಳಿಯಿತು. ಅದನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ಹನ್ನೊಂದು ವರ್ಷದ ಅಕ್ಕ. ಹೆಸರನ್ನು ಸರಿಯಾಗಿ ಉಚ್ಚರಿಸಲು ಕೇರಿಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಒಬ್ಬರು ಮುರ್ತುಂಜಯ ಅಂದರೆ ಇನ್ನೊಬ್ಬರು ಮಿರ್ತಂಜಯ ಅನ್ನುತ್ತಿದ್ದರು. ಆದರೂ ಯಾರೂ ಅದನ್ನು ಮೋಟು ಮಾಡಿರಲಿಲ್ಲ. ಅರ್ಧ ಕರೆದರೆ ಕೂಸಿಗೆ ಆಗಿಬರುವುದಿಲ್ಲ ಎಂದು ತಾಯಿ ಎಲ್ಲರನ್ನೂ ಗದರಿಸಿಟ್ಟಿದ್ದಳು.

ಚಿಕ್ಕಮಲ್ಲಮ್ಮನ ಎದೆಯಲ್ಲಿ ಇನ್ನೊಂದು ಗಾಯವೂ ಇತ್ತು. ಅದು ಇಪ್ಪತ್ತೈದು ವರ್ಷದ ಹಿಂದಿನ ಮಾತು. ಅಪ್ಪ ಮಾತು ನಿಂತು ಮಲಗಿದ್ದ. ಕಣ್ಣು ಮಾತ್ರ ಬಾಗಿಲ ಕಡೆಗೇ ಇತ್ತು. ಪಕ್ಕದ ಮನೆಯ ಫೋನಿನಿಂದ ಹೊರದೇಶಕ್ಕೆ ಕರೆ ಹೋಗುತ್ತಿರಲಿಲ್ಲ. ತಮ್ಮನಿಗೆ ಸುದ್ದಿ ಮುಟ್ಟಿಸಲೆಂದು ಅವಳು ಬಸ್ಸು ಹತ್ತಿ ಗುಂಡ್ಲುಪೇಟೆಗೆ ಹೋಗಿ, ಬಸ್‌ಸ್ಟ್ಯಾಂಡ್ ಪಕ್ಕದ ಎಸ್‌ಟಿಡಿ ಬೂತಿನಲ್ಲಿ ಕಾರ್ಖಾನೆಯ ನಂಬರು ಕೊಟ್ಟಳು. ಬೂತಿನ ಸೋಮೇಶ್ ಅವಳ ಪರವಾಗಿ ಇಂಗ್ಲಿಷಿನಲ್ಲಿ ಮಾತಾಡಿದ. ಮತ್ತೆ ಮತ್ತೆ ಹೆಸರು ಹೇಳಿದ. ಕೊನೆಗೆ ಫೋನಿನ ಬಾಯಿ ಮುಚ್ಚಿ, "ಆ ಹೆಸ್ರಿನವ್ರು ಅಲ್ಲಿ ಯಾರೂ ಇಲ್ವಂತೆ ಕಣಕ್ಕ" ಎಂದ. ಅವಳು ಫೋನು ಕಿತ್ತುಕೊಂಡು, "ಮುರ್ತುಂಜಯ! ನಮ್ ಮುರ್ತುಂಜಯನ್ನ ಕರೀರಿ!" ಎಂದು ಬೂತೆಲ್ಲ ಕೇಳುವಂತೆ ಕೂಗಿದಳು. ಆ ಕಡೆಯವರು ಇಟ್ಟುಬಿಟ್ಟರು. ಅಪ್ಪ ಅಂದು ಸಂಜೆಯೇ ಹೋದ.

ಮಣ್ಣು ಮಾಡಿ ಮೂರು ದಿನ ಕಳೆದ ಮೇಲೆ ತಮ್ಮ ತಾನಾಗಿಯೇ ಪಕ್ಕದ ಮನೆಗೆ ಫೋನು ಮಾಡಿದ. ವಿಷಯ ಕೇಳಿ ಬಿಕ್ಕಿಬಿಕ್ಕಿ ಅತ್ತ. "ಇಲ್ಲಿ ನನ್ನ ಜೇ ಅಂತಾರೆ ಅಕ್ಕ, ನಿಮ್ಗೆ ಹೇಳ್ಬೇಕಾಗಿತ್ತು" ಅಂದ. ಅವಳು ಅಲ್ಲಿಗೇ ಫೋನಿಟ್ಟುಬಿಟ್ಟಿದ್ದಳು. ಆಮೇಲೆ ಅಕ್ಕತಮ್ಮ ಎಷ್ಟೋ ಸಲ ಮಾತಾಡಿದರು, ನಕ್ಕರು, ಅವನು ಊರಿಗೂ ಬಂದು ಹೋದ. ಆ ವಿಷಯವನ್ನು ಮಾತ್ರ ಇಬ್ಬರೂ ಮತ್ತೆ ಎತ್ತಲಿಲ್ಲ.

ಈಗ ಅದೇ ಜೇ ಕಲ್ಲಿನ ಮೇಲೆ ಬರುತ್ತದೆಂದರೆ ಅವಳು ಒಪ್ಪುವುದೆಲ್ಲಿಂದ ಬಂತು?

ವಾರದ ಕೊನೆಗೆ ಅತ್ತೆ ಸೊಸೆಯರಿಬ್ಬರೂ ಚಾಮರಾಜನಗರದ ಬಸ್ಸು ಹತ್ತಿದರು. ಊರ ಹೊರಗೆ ರಂಗರಾಜು ಎಂಬಾತನ ಕಲ್ಲು ಪಾಲಿಶ್ ಶೆಡ್ಡು. ಒಳಗೆ ನೀರು ಸುರಿಯುತ್ತ ಕಲ್ಲು ಕೊಯ್ಯುವ ಯಂತ್ರದ ಸದ್ದು, ಕಾಲಿಗೆ ಅಂಟುವ ಕಪ್ಪು ಕೆಸರು. ಗೋಡೆಗೆ ಒರಗಿಸಿದ್ದ ಕಲ್ಲುಗಳಲ್ಲಿ ಒಂದನ್ನು ಶಿವಾನಿ ಆರಿಸಿದಳು. ರಂಗರಾಜು ಕಂಪ್ಯೂಟರಿನ ಮುಂದೆ ಕೂತು, "ಏನಂತ ಹಾಕನ?" ಎಂದು ಕೇಳಿದ.

"ಜೇ," ಅಂದಳು ಶಿವಾನಿ.

"ಮುರ್ತುಂಜಯ," ಅಂದಳು ಚಿಕ್ಕಮಲ್ಲಮ್ಮ.

ರಂಗರಾಜು ಇಬ್ಬರ ಮುಖವನ್ನೂ ನೋಡಿ, "ನೀವು ಮಾತಾಡ್ಕಳಿ, ಟೀ ತರುಸ್ತೀನಿ" ಎಂದು ಎದ್ದು ಹೊರಗೆ ಹೋದ.

ಇಬ್ಬರೂ ಶೆಡ್ಡಿನ ಮುಂದಿನ ಬೇವಿನ ಮರದ ಕೆಳಗೆ ಒಂದು ಒಡಕು ಚಪ್ಪಡಿಯ ಮೇಲೆ ಕೂತರು.

"ಅತ್ತೆ, ಸಮಾಧಿ ಹುಡುಕ್ಕೊಂಡು ಬರೋರು ಯಾರು ಹೇಳಿ? ಅಲ್ಲಿನ ಜನ. ಯಾರ ಮನೆ ಫ್ರಿಜ್ ಕೆಟ್ರೂ ಜೇನ ಕರೀರಿ ಅಂತಿದ್ರು. ಅವ್ರು ಬಂದು ಈ ಹೆಸ್ರು ನೋಡಿದ್ರೆ, ಇದು ಬೇರೆ ಯಾರ್ದೋ ಅನ್ಕೊಂಡು ಮುಂದೆ ಹೋಗ್ತಾರೆ."

"ಅವತ್ತು ನಾನೂ ಹುಡ್ಕಂಡೇ ಫೋನ್ ಮಾಡಿದ್ದು ಕಣಮ್ಮಿ. ನಂಗೆ ಅವ್ನು ಸಿಗ್ನಿಲ್ಲ."

ಶಿವಾನಿ ಅತ್ತೆಯ ಕಡೆಗೆ ತಿರುಗಿ ಕೂತಳು. "ಅಪ್ಪ ಯಾಕೆ ಜೇ ಆದ್ರು ಅಂತ ನಿಮ್ಗೆ ಹೇಳಿದ್ರಾ?" ಎಂದು ಕೇಳಿದಳು.

"ಅವ್ರ ಬಾಯ್ಗೆ ಹೆಸ್ರು ಹೊರಳ್ನಿಲ್ಲ, ಇವ್ನು ಕುಯ್ಕಂಡ. ಇನ್ನೇನು?"

"ಅಪ್ಪ ಅಲ್ಲ ಅತ್ತೆ, ಮೊದ್ಲು ಕೊಯ್ದಿದ್ದು ಅಲ್ಲಿನವ್ರು. ಸೇರಿದ ಹೊಸದ್ರಲ್ಲಿ ಎಲ್ಲರೂ ಮಿರ್ಟು, ಮಿರ್ಟು ಅಂತ ಕರೀತಿದ್ರಂತೆ. ಮೊದಲ್ನೇ ಅರ್ಧ. ಅಂದ್ರೆ ಮೃತ್ಯು. ಅವ್ರಿಗೆ ಅರ್ಥ ಗೊತ್ತಿಲ್ಲ, ಅಪ್ಪಂಗೆ ಗೊತ್ತಲ್ಲ. ದಿನಾ ಬೆಳಿಗ್ಗೆ ಸಾವೇ ಬಾ, ಸಾವೇ ಹೋಗು ಅಂದಂಗಾಗ್ತಿತ್ತಂತೆ. ಒಂದಿನ ಅಪ್ಪ ಮೇಲಿನವ್ರ ಹತ್ರ ಹೋಗಿ, ನನ್ನ ಹೆಸ್ರು ಅರ್ಧ ಮಾಡೋದೇ ಆದ್ರೆ ಯಾವ ಅರ್ಧ ಅಂತ ನಾನು ಹೇಳ್ತೀನಿ ಅಂದ್ರಂತೆ. ಮೃತ್ಯು ಬಿಟ್ಟು ಜಯ ಇಟ್ಕೊಂಡ್ರು. ಅದು ಅವ್ರ ಬಾಯಲ್ಲಿ ಜೇ ಆಯ್ತು."

ರಂಗರಾಜು ಕಳಿಸಿದ್ದ ಟೀಯನ್ನು ಚಿಕ್ಕಮಲ್ಲಮ್ಮ ಚಪ್ಪಡಿಯ ಮೇಲಿಟ್ಟಳು.

"ತಾತನ ಸುದ್ದಿ ತಪ್ಪಿದ್ಮೇಲೆ," ಶಿವಾನಿ ಮುಂದುವರಿಸಿದಳು, "ಅಪ್ಪ ಕಾರ್ಖಾನೇಲಿ ಫೋನ್ ಎತ್ತೋ ಹೆಂಗಸಿನ ಹತ್ರ ದಿನಾ ಹೋಗಿ ಪೂರ್ತಿ ಹೆಸ್ರು ಹೇಳ್ಕೊಟ್ರಂತೆ. ಆಕೆ ಕಲಿತೂ ಕಲಿತ್ಲು. ಆದ್ರೆ ಆಮೇಲೆ ಆ ಹೆಸ್ರು ಕೇಳ್ಕೊಂಡು ಅಲ್ಲಿಗೆ ಯಾರೂ ಫೋನ್ ಮಾಡ್ಲಿಲ್ಲ."

ಯಂತ್ರದ ಸದ್ದು ನಿಂತು ಮತ್ತೆ ಶುರುವಾಯಿತು. ಚಿಕ್ಕಮಲ್ಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಇಷ್ಟು ವರ್ಷ ತಮ್ಮ ನಾಚಿಕೆಯಿಂದ ಹೆಸರು ಬಿಟ್ಟನೆಂದು ಅವಳು ನಂಬಿದ್ದಳು. ಆ ನಂಬಿಕೆ ಈಗ ಕುಸಿಯಿತು. ಅವನು ಒಬ್ಬನೇ ಆ ದೇಶದಲ್ಲಿ ನಿಂತು, ಉಳಿಸಿಕೊಳ್ಳಬೇಕಾದ ಅರ್ಧವನ್ನು ತಾನೇ ಆರಿಸಿಕೊಂಡಿದ್ದ. ಅದು ಹೇಡಿಯ ಕೆಲಸವಲ್ಲ ಎಂದು ಅವಳಿಗೆ ಅನ್ನಿಸಿತು. ಆದರೆ ಅದರಿಂದ ಅವಳ ಹಟವೇನೂ ಸಡಿಲಾಗಲಿಲ್ಲ.

"ನೀನು ಹೇಳಮ್ಮಿ, ನಿಮ್ಮಪ್ಪನ ಹೆಸ್ರ," ಅಂದಳು.

"ಮೃತ್ಯುಂಜಯ." ಒಂದು ಅಕ್ಷರವೂ ತೊಡರದೆ ಶಿವಾನಿ ಹೇಳಿದಳು. "ಚಿಕ್ಕೋಳಿದ್ದಾಗ ಇದನ್ನ ಸರಿಯಾಗಿ ಹೇಳದೆ ಅಪ್ಪ ನನ್ನ ಸ್ಕೂಲಿಗೆ ಬಿಡ್ತಿರಲಿಲ್ಲ. ನಿಮ್ಗೇ ಬರಲ್ಲ ನೋಡಿ ಅತ್ತೆ. ನೀವು ಮುರ್ತುಂಜಯ ಅಂತೀರ."

"ಅಂತೀನಿ. ತಪ್ಪೇ ಅಂದ್ರೂ ಪೂರ್ತಿ ಅಂತೀನಿ ಕಣವ್ವ. ತಪ್ಪಾಗಿ ಕರುದ್ರೆ ಯಾರೂ ಸಾಯಕಿಲ್ಲ. ಅರ್ಧ ಮಾಡ್ಬುಟ್ರೆ ಆ ಮನ್ಸ ಅಲ್ಲಿ ಇಲ್ಲ ಅಂದ್ಬುಡ್ತರೆ. ಅವ್ನು ಬದುಕೋಕೆ ಜೇ ಅನ್ನುಸ್ಕಂಡ, ಸರಿ. ಹೊಸ ಊರು, ಹೊಟ್ಟೆಪಾಡು. ನಾನು ಬೇಡ ಅನ್ನಕಿಲ್ಲ. ಈಗ ಅವ್ನ್ಗೆ ಯಾರ ಹಂಗು? ಈಗ್ಲಾದ್ರೂ ಪೂರ್ತಿ ಹೆಸ್ರಲ್ಲಿ ಮಲಗ್ಲಿ."

"ಅಲ್ಲಿನೋರು?"

"ಅವ್ರ್ಗೆ ನಿನ್ ಜೇನೂ ಇರ್ಲಿ. ನಾನೇನ್ ಅದ ಅಳಸು ಅಂದ್ನಾ? ಮೇಲೆ ನಮ್ಮಕ್ಸರದಲ್ಲಿ ಪೂರ್ತಿ. ಅದರ್ ಕೆಳಗೆ ಇಂಗ್ಲಿಸ್ನಲ್ಲೂ ಪೂರ್ತಿ. ಅದರ್ ಕೆಳಗೆ ಜೇ."

ಶಿವಾನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಅಪ್ಪನ ಸ್ನೇಹಿತರು ದಾರಿ ತಪ್ಪಬಾರದು ಅನ್ನುವುದಷ್ಟೇ ಅವಳಿಗೆ ಬೇಕಾಗಿತ್ತು. "ಆಯ್ತು," ಅಂದಳು. "ಆದ್ರೆ ಜೇ ಚಿಕ್ಕದಾಗಿ ಬರೆಸಬೇಡಿ ಅತ್ತೆ. ಅದೂ ಅಪ್ಪಂದೇ ಹೆಸ್ರು."

ಚಿಕ್ಕಮಲ್ಲಮ್ಮ ಅವಳ ಮುಖ ನೋಡಿದಳು. "ಸರಿ. ಎಲ್ಲಾ ಒಂದೇ ಸಮ."

ಒಳಗೆ ಬಂದು ಹೇಳಿದಾಗ ರಂಗರಾಜು ತಲೆ ಕೆರೆದುಕೊಂಡ. "ಮೂರ್ ಸಾಲು ಈ ಕಲ್ಗೆ ಹಿಡ್ಸಕಿಲ್ಲ ಕಣವ್ವ. ದಿನಾಂಕ ಬೇರೆ ಬರ್ಬೇಕು. ಉದ್ದದ ಹೆಸ್ರು, ಒಂದ್ಚೂರು ಮೊಟಕು ಮಾಡಿದ್ರೆ..."

"ಕಲ್ಲಿಗೋಸ್ಕರ ಹೆಸ್ರು ಕುಯ್ಯದಾ?" ಚಿಕ್ಕಮಲ್ಲಮ್ಮನ ದನಿ ಏರಿತು. "ದೊಡ್ಡ ಕಲ್ ತಗಿ."

ಅವನು ದೊಡ್ಡ ಕಲ್ಲನ್ನೇ ತೆಗೆದ. ಯಂತ್ರದಿಂದ ಮರಳು ಸಿಡಿಸಿ ಅಕ್ಷರ ಕೊರೆದ ದಿನ ಅವಳು ಮತ್ತೆ ಹೋಗಿ, ಬಗ್ಗಿ, ಕೊರೆದ ಗೆರೆಯ ಗುಂಟ ಬೆರಳಾಡಿಸಿ ಓದಿದಳು. ಇಂಗ್ಲಿಷ್ ಸಾಲುಗಳನ್ನು ಶಿವಾನಿಯಿಂದ ಓದಿಸಿ ಕೇಳಿದಳು. ಮರದ ಪೆಟ್ಟಿಗೆಗೆ ಮೊಳೆ ಹೊಡೆದು ಲಾರಿಗೆ ಏರಿಸುವವರೆಗೂ ಶೆಡ್ಡು ಬಿಟ್ಟು ಕದಲಲಿಲ್ಲ.

ಕಲ್ಲು ಹಡಗಿನಲ್ಲಿ ಹೋಗಿ ಮುಟ್ಟಿ, ನೆಟ್ಟದ್ದು ಅಲ್ಲಿನ ಚಳಿಗಾಲದಲ್ಲಿ. ಅಂದು ಶಿವಾನಿ ವಿಡಿಯೊ ಕಾಲ್ ಮಾಡಿದಾಗ ಚಿಕ್ಕಮಲ್ಲಮ್ಮ ಹೊಲದಲ್ಲಿ ಅರಿಸಿನಕ್ಕೆ ಕಳೆ ತೆಗೆಸುತ್ತಿದ್ದಳು. ಕಾರ್ಖಾನೆಯ ಹಳೆಯ ಸಂಗಾತಿಗಳು ಹೂವು ಹಿಡಿದು ಬಂದಿದ್ದರು. ಮೃತ್ಯುಂಜಯನ ಜೊತೆ ಬಹುಕಾಲ ದುಡಿದ ಮುದುಕರೊಬ್ಬರು ಟೋಪಿ ತೆಗೆದು ನಿಂತು, ಜೇಗೆ ಇಷ್ಟು ದೊಡ್ಡ ಹೆಸರಿತ್ತೇ ಎಂದು ಬೆರಗಾಗಿ, ಅದನ್ನು ಓದಲು ಹೊರಟರಂತೆ.

"ಓದಿದ್ನಾ?" ಚಿಕ್ಕಮಲ್ಲಮ್ಮ ಕೇಳಿದಳು.

"ಕಾಲುಭಾಗ ಬಂತು ಅತ್ತೆ. ತ್ಯುಂ ಹತ್ರ ನಿಂತುಬಿಟ್ರು. ಪಾಪ, ಬಿಟ್ಬಿಡಿ ಅಂದೆ."

"ಯಾಕ್ ಬುಡ್ಸಿದೆ? ಇನ್ನೂ ಅಲ್ಲೇ ಅವ್ನಾ?"

"ಇದಾರೆ."

"ಕೊಡು ಫೋನ, ಆವಯ್ಯನ ಕೈಗೆ," ಎಂದು ಚಿಕ್ಕಮಲ್ಲಮ್ಮ ಕುಡುಗೋಲನ್ನು ಬದುವಿನ ಮೇಲಿಟ್ಟು ಗಂಟಲು ಸರಿಮಾಡಿಕೊಂಡಳು.