ರೊಟ್ಟಿ ಬಡಿಯುವ ಹೊತ್ತಿನ ಲೈವ್

ಹತ್ತಿಮತ್ತೂರಿನ ಸುಶೀಲವ್ವ ತನ್ನ ಮಗಳು ಓಡುವುದನ್ನು ಕೇಳಿದ್ದಳು, ನೋಡಿರಲಿಲ್ಲ.

ಕೇಳಿದ್ದು ಅಡುಗೆಮನೆಯಿಂದ. ಮಗಳು ತನುಜಾ ಸವಣೂರಿನ ಕಾಲೇಜಿನಲ್ಲಿ ಬಿ.ಎ. ಓದುತ್ತ ಖೋಖೋ ಆಡುತ್ತಿದ್ದಳು. ಈ ವರ್ಷ ಜಿಲ್ಲೆಯ ತಂಡಕ್ಕೆ ಆಯ್ಕೆಯಾಗಿ, ದೂರದ ಊರಿನಲ್ಲಿ ನಡೆದ ರಾಜ್ಯಮಟ್ಟದ ಪಂದ್ಯಾವಳಿಗೆ ಹೋಗಿದ್ದಳು. ಪಂದ್ಯಗಳು ಫೋನಿನಲ್ಲಿ ಲೈವ್ ಬರುತ್ತಿದ್ದವು. ಗಂಡ ಮೃತ್ಯುಂಜಯ ತನ್ನ ಫೋನನ್ನು ಪಡಸಾಲೆಯ ಟಿವಿಗೆ ಜೋಡಿಸುತ್ತಿದ್ದ. ಓಣಿಯ ಗಂಡಸರೆಲ್ಲ ಬಂದು ಕೂಡುತ್ತಿದ್ದರು. ಮಾವ ಫಕ್ಕೀರಪ್ಪನವರು ಬಂದವರಿಗೆಲ್ಲ, "ಉಂಡೇ ಹೋಗಬೇಕ್ರೀ ಮತ್ತ" ಎನ್ನುತ್ತಿದ್ದರು. ಮಾತು ಅವರದು, ಅದನ್ನು ನಡೆಸಿಕೊಡುವವಳು ಸುಶೀಲವ್ವ.

ಆ ಮನೆಯಲ್ಲಿ ಬಂದವರ ತಾಟಿಗೆ ಬಿಸಿ ರೊಟ್ಟಿಯೇ ಬೀಳಬೇಕು. ಹಂಚಿನಿಂದ ಇಳಿದದ್ದು ಆರುವುದರೊಳಗೆ ಪಡಸಾಲೆ ಮುಟ್ಟಬೇಕು. ಹೀಗಾಗಿ ಒಂದು ರೊಟ್ಟಿ ಹಂಚಿನ ಮೇಲೆ, ಒಂದು ಅಂಗೈಯ ಕೆಳಗೆ, ಒಂದು ಕೆಂಡದ ಬದಿಗೆ ಆತು ಉಬ್ಬುತ್ತ ಇರುವಾಗ ಬಡಿಯುವವಳು ಏಳುವಂತಿಲ್ಲ. ಎದ್ದರೆ ಮೂರರಲ್ಲಿ ಒಂದು ಕೆಡುತ್ತದೆ.

ಕ್ವಾರ್ಟರ್ ಫೈನಲ್ ದಿನ ಪಡಸಾಲೆಯಿಂದ, "ಓಡ ತಂಗಿ, ಓಡ ಓಡ!" ಎಂದು ಕೂಗು ಎದ್ದಿತು. ಸುಶೀಲವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಓಡಿದಳು. ಟಿವಿಯ ಮೇಲೆ ಯಾರೋ ಹುಡುಗಿ ಶೂ ಲೇಸು ಕಟ್ಟಿಕೊಳ್ಳುತ್ತಿದ್ದಳು.

"ಆಗಲೇ ಔಟ್ ಮಾಡಿಬಿಟ್ಲಲ್ಲ! ಎಲ್ಲಿದ್ದಿ ಇಷ್ಟೊತ್ತನ?" ಎಂದ ಮೃತ್ಯುಂಜಯ.

"ಸಿನಿಮಾಕ್ಕ ಹೋಗಿದ್ನಿ" ಎಂದು ಸುಶೀಲವ್ವ ಒಳಗೆ ತಿರುಗಿದಳು. ಹಂಚಿನ ಮೇಲಿನದು ಸೀದಿತ್ತು.

ಎಲ್ಲರೂ ಉಂಡು, ಪಾತ್ರೆಗಳು ಬೆಳಗಿ ಬೋರಲು ಬಿದ್ದ ಮೇಲೆ, "ಈಗ ನನಗ ತೋರಸ್ರಿ" ಎಂದು ಗಂಡನ ಹತ್ತಿರ ಕುಳಿತಳು. ಅವನು ಲಿಂಕ್ ಒತ್ತಿದ. ಕಪ್ಪು ಪರದೆ. ಪಂದ್ಯಾವಳಿ ನಡೆಸುವವರು ಪಂದ್ಯ ಮುಗಿದ ಮೇಲೆ ಲೈವ್ ಅನ್ನು ಉಳಿಸುತ್ತಿರಲಿಲ್ಲ. ಸೆಮಿಫೈನಲ್‌ಗೂ ಅದೇ ಆಯಿತು.

ಮೃತ್ಯುಂಜಯ ಕೆಟ್ಟವನಲ್ಲ. "ನಾ ನೋಡೇನಲ್ಲ, ಹೇಳ್ತೇನಿ ಕೇಳು" ಎಂದು ಕೈ ಬೀಸಿ ಬೀಸಿ ಹೇಳಿದ.

"ಊಟದ ಬಣ್ಣನೆ ಕೇಳಿ ಯಾರ ಹೊಟ್ಟಿ ತುಂಬೈತ್ರಿ?" ಎಂದಳು ಸುಶೀಲವ್ವ.

ಮರುದಿನ ಮಧ್ಯಾಹ್ನ ಫೈನಲ್. ಅದೂ ಊಟದ ಹೊತ್ತಿಗೇ. ಅದೂ ಕಪ್ಪು ಪರದೆಯೊಳಗೆ ಹೋದರೆ, ಮಗಳ ಆಟ ತನ್ನ ಪಾಲಿಗೆ ಬರೀ ಗಂಡಸರ ಕೂಗಾಗಿ ಉಳಿಯುತ್ತದೆ ಎಂದು ಅವಳಿಗೆ ಗೊತ್ತಿತ್ತು. ಸೆಮಿಫೈನಲ್ ದಿನದ ಸಂಜೆಯೇ, ಹೊಲಿಯಲು ಒಂದು ಜಂಪರಿನ ಬಟ್ಟೆಯ ನೆಪ ಹಿಡಿದು ಫರ್ಜಾನಾಳ ಮನೆಗೆ ಹೋದಳು. ಎರಡು ಮನೆ ಆಚೆಯ ಫರ್ಜಾನಾ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಹೊಸ ಕುಪ್ಪಸದ ಮಾದರಿಗಳನ್ನು ಲೈವ್‌ನಲ್ಲಿ ಕಲಿಸುವವರಿಂದ ಕಲಿತು, ನೆಟ್‌ವರ್ಕ್ ಇಲ್ಲದ ಹೊತ್ತಿಗೆ ಬೇಕೆಂದು ಫೋನಿನಲ್ಲಿ ಉಳಿಸಿಕೊಂಡಿರುತ್ತಾಳೆ. ಇದು ಸುಶೀಲವ್ವನಿಗೆ ಗೊತ್ತಿತ್ತು.

ಎಲ್ಲ ಕೇಳಿಸಿಕೊಂಡ ಫರ್ಜಾನಾ ಮಷೀನು ನಿಲ್ಲಿಸಿದಳು. "ಲೈವ್ ಅಂದ್ರ ಅದು ಹಂಗ ಅಕ್ಕಾ. ಬಂದಾಗ ನೋಡಿದ್ರ ನೋಡಿದಂಗ."

"ಬಿಸಿ ರೊಟ್ಟಿ ಇದ್ದಂಗ ಅನ್ನು. ಒಣಗಿಸಿ ಖಡಕ್ ಮಾಡಿ ಇಟಗೊಳ್ಳಾಕ ಬರೂದಿಲ್ಲೇನು?"

ಫರ್ಜಾನಾ ಗಲಗಲ ನಕ್ಕಳು. "ಬರ್ತೈತ್ರಿ! ಬರೋಬ್ಬರಿ ಅದ! ತರ್ರಿ ಇಲ್ಲೆ ನಿಮ್ಮ ಫೋನು."

ಸುಶೀಲವ್ವನದು ತನುಜಾ ಬಳಸಿ ಬಿಟ್ಟ, ಗಾಜು ಸೀಳಿದ ಹಳೆಯ ಫೋನು. ಅದರಲ್ಲಿ ಜಾಗವೇ ಇರಲಿಲ್ಲ. ತೆರೆದರೆ ಬರೀ ಗುಲಾಬಿ, ಸೂರ್ಯ, ಶುಭೋದಯ.

"ದಿನಾ ಇಷ್ಟ ಹೂವು ಕಳಸಾವ್ರು ಯಾರ್ರಿ?"

"ನಮ್ಮ ಮೈದುನಾರು. ಎದುರಿಗೆ ಸಿಕ್ರ 'ಆರಾಮ ಅದೀರೇನು' ಅನ್ನೂದಿಲ್ಲ."

ಗುಲಾಬಿಗಳನ್ನೆಲ್ಲ ಅಳಿಸಿ ಜಾಗ ಮಾಡಿದರು. ಪರದೆಯ ಮೇಲಿಂದ ಬೆರಳು ಎಳೆದು ಸ್ಕ್ರೀನ್ ರೆಕಾರ್ಡ್ ಎಂಬ ಗುಂಡು ಗುರುತನ್ನು ಫರ್ಜಾನಾ ತೋರಿಸಿದಳು. ಲೈವ್ ಹಚ್ಚಬೇಕು, ಇದನ್ನು ಒತ್ತಬೇಕು, ಮುಗಿದ ಮೇಲೆ ಮತ್ತೆ ಒತ್ತಬೇಕು. "ಹಚ್ಚಿದ ಮ್ಯಾಲೆ ಮುಟ್ಟಬ್ಯಾಡ್ರಿ ಮತ್ತ. ಸುಮ್ಮನ ಒಂದ ಕಡೆ ಇಟ್ಟಬಿಡ್ರಿ."

ಫೈನಲ್ ದಿನ ಪಡಸಾಲೆ ತುಂಬಿತು. ಅಡುಗೆಮನೆಯಲ್ಲಿ ನೆಟ್‌ವರ್ಕ್ ಸಿಗದು. ನಡುಮನೆಯ ಗೋಡೆಯ ಗೂಡಿನಲ್ಲಿ ಸಿಗುತ್ತದೆ. ಸುಶೀಲವ್ವ ಕೈ ತೊಳೆದು ಒರೆಸಿಕೊಂಡು, ಲೈವ್ ಹಚ್ಚಿ, ಗುಂಡು ಗುರುತು ಒತ್ತಿದಳು. ಫೋನನ್ನು ಗೂಡಿನಲ್ಲಿಟ್ಟಳು. ಮುಟ್ಟಬಾರದು, ಅಲುಗಿಸಬಾರದು, ಮುಗಿಯುವ ತನಕ ಸುಮ್ಮನೆ ಬಿಡಬೇಕು: ಇಂಥದ್ದು ಅವಳು ದಿನಾ ಮಾಡುವ ಕೆಲಸವೇ. ಹಾಲಿಗೆ ಹೆಪ್ಪು ಹಾಕಿದ ಗಡಿಗೆಯನ್ನು ಹೇಗೆ ಬೆಚ್ಚಗೆ ಸುತ್ತಿಡುತ್ತಾಳೋ ಹಾಗೆ ದಪ್ಪ ಟವೆಲ್ಲಿನಿಂದ ಫೋನನ್ನು ಸುತ್ತಿದಳು. ಮೇಲೊಂದು ಹಳೆಯ ಕೌದಿಯ ತುಂಡು ಹೊದಿಸಿ ಒಲೆಯ ಮುಂದೆ ಬಂದು ಕುಳಿತಳು.

ಆ ದಿನ ಪಡಸಾಲೆಯಲ್ಲಿ ಕೂಗು ಎದ್ದಾಗೆಲ್ಲ ಸುಶೀಲವ್ವ ಏಳಲಿಲ್ಲ. ಕೈ ರೊಟ್ಟಿ ಬಡಿಯುತ್ತಲೇ ಇತ್ತು. ಕೊನೆಗೆ ಒಮ್ಮೆಲೇ, "ಅಯ್ಯಯ್ಯ..." ಎಂದು ದೊಡ್ಡ ಉಸಿರು ಬಿತ್ತು. ಒಂದು ಪಾಯಿಂಟಿಗೆ ಸೋತಿದ್ದರು. ಗಂಡಸರು ಉಂಡು, ಅಂಪೈರನನ್ನು ಬೈದು, ಹೋದರು.

ಸುಶೀಲವ್ವ ಕೌದಿ ತೆಗೆದು ಟವೆಲ್ ಬಿಚ್ಚಿದಳು. ಫೋನು ಈಗ ತಾನೇ ಒಲೆಯಿಂದ ಇಳಿಸಿದ ಹಂಚಿನಂತೆ ಸುಡುತ್ತಿತ್ತು. ಒತ್ತಿದರೆ ಬೆಳಕಿಲ್ಲ. ಮುಸುರೆ ಪಾತ್ರೆಗಳನ್ನು ಹಾಗೇ ಬಿಟ್ಟು, ಅದನ್ನು ಸೆರಗಿನಲ್ಲಿ ಹಿಡಿದುಕೊಂಡು ಫರ್ಜಾನಾಳ ಮನೆಗೆ ಹೋದಳು.

"ಏನ್ರೀ ಇದು, ಮಸರಿಗೆ ಹೆಪ್ಪು ಹಾಕೀರೇನು!" ಫರ್ಜಾನಾ ನಗಬೇಕೋ ಬೈಯಬೇಕೋ ತಿಳಿಯದೆ ಫೋನನ್ನು ಫ್ಯಾನಿನ ಕೆಳಗಿಟ್ಟಳು. "ಮುಟ್ಟಬ್ಯಾಡ್ರಿ ಅಂದ್ನಿ, ಹೊದಸ್ರಿ ಅಂದ್ನೇನು?"

ಫೋನು ತಣ್ಣಗಾಯಿತು. ಚಾರ್ಜಿಗೆ ಹಾಕಿದರು. ಬೆಳಕು ಬಂತು. ಕಾವು ಏರಿದಾಗ ಅದು ತಾನೇ ರೆಕಾರ್ಡ್ ನಿಲ್ಲಿಸಿ, ಆಮೇಲೆ ಆರಿತ್ತು. ಅಲ್ಲಿಯ ತನಕದ ವಿಡಿಯೊ ಉಳಿದಿತ್ತು. ಪಂದ್ಯದ ಕೊನೆ ಇರಲಿಲ್ಲ.

ಕತ್ತರಿಸಿದ ಬಟ್ಟೆಯ ಚೂರುಗಳ ನಡುವೆ ನೆಲದ ಮೇಲೆ ಕುಳಿತು ಸುಶೀಲವ್ವ ನೋಡಿದಳು.

ಮೊದಲಿಗೆ ಮಗಳು ಯಾರೆಂದು ಗುರುತು ಸಿಗಲಿಲ್ಲ. ಅವಳಿಗೆ ಗೊತ್ತಿದ್ದ ತನುಜಾ ಚಹಾದ ತಾಟು ಹಿಡಿದು ಪಡಸಾಲೆಯ ಗೋಡೆಗುಂಟ ಸರಿದು ಹೋಗುವವಳು, ಯಾರಾದರೂ ಕರೆದರೆ ಓಢಣಿ ಎಳೆದುಕೊಂಡು ಓ ಎನ್ನುವವಳು. ಇಲ್ಲಿ ಒಬ್ಬಳು ಮೈದಾನದ ನಡುವೆ ಮೊಣಕಾಲು ಮಡಚಿ, ಹೊಂಚಿದ ಬೆಕ್ಕಿನ ಹಾಗೆ ಕುಳಿತಿದ್ದಳು. ಬೆನ್ನಿಗೆ ಕೈ ಬಿದ್ದು "ಖೋ" ಎಂದದ್ದೇ ತಡ, ನೆಲ ಅವಳನ್ನು ಎಸೆದಂತೆ ಎದ್ದಳು. ಮುಂದೆ ಓಡುತ್ತಿದ್ದ ಹುಡುಗಿ ಕಂಬ ದಾಟಿ ತಿರುಗಿದಳು. ಇವಳು ಒಂದು ಕೈಯಿಂದ ಕಂಬ ಹಿಡಿದು ಇಡೀ ಮೈಯನ್ನು ಹೊರಗೆ ಚೆಲ್ಲಿದಳು. ಕಾಲು ನೆಲ ಬಿಟ್ಟವು. ತಲೆಯಿಂದ ಪಾದದ ತನಕ ಅಡ್ಡವಾಗಿ, ಗಾಳಿಯ ಮೇಲೆ ಯಾರೋ ಹಾಸಿದ ಹಾಗೆ ಚಾಚಿಕೊಂಡಳು. ಬೆರಳು ಮುಂದಿನವಳ ಹಿಮ್ಮಡಿಯ ಕಡೆ ಹೋಗುತ್ತಿತ್ತು. ವಿಡಿಯೊ ಅಲ್ಲಿಗೆ ನಿಂತಿತ್ತು.

"ಇದು ನನ್ನ ಮಗಳ?" ಎಂದಳು ಸುಶೀಲವ್ವ.

"ನಿಮ್ಮಾಕೀನ."

ಸುಶೀಲವ್ವ ವಿಡಿಯೊವನ್ನು ಹಿಂದಕ್ಕೆ ಎಳೆದಳು. ಮಗಳು ಮತ್ತೆ ಮೊಣಕಾಲು ಮಡಚಿ ಕುಳಿತಳು, ಮತ್ತೆ ಎದ್ದಳು. ತಾಯಿ ನಿಲ್ಲಿಸಿದಳು, ಮಗಳು ನಿಂತಳು. ಬಿಟ್ಟಳು, ಹಾರಿದಳು. ಸುಶೀಲವ್ವನ ಬದುಕಿನಲ್ಲಿ ಯಾವುದೂ ಅವಳಿಗಾಗಿ ಕಾದದ್ದಿಲ್ಲ. ಹಾಲು ಉಕ್ಕುತ್ತದೆ, ನಳದ ನೀರು ಹೋಗುತ್ತದೆ, ರೊಟ್ಟಿ ಸೀಯುತ್ತದೆ, ಮಾವನವರ ಹಸಿವು ಅವಳನ್ನು ಕೇಳಿ ಬರುವುದಿಲ್ಲ. ಇದೊಂದು ಕಾಯುತ್ತಿತ್ತು. ಅವಳು ಕಣ್ಣೊರೆಸಿಕೊಂಡು ಬರುವ ತನಕ ಮಗಳು ಗಾಳಿಯಲ್ಲೇ ಇರುತ್ತಿದ್ದಳು.

ಹೀಗೆ ನೋಡುವಾಗ ಮೊಣಕಾಲುಗಳು ಕಂಡವು. ಚರ್ಮ ಕಿತ್ತು, ಒಣಗಿ, ಅದರ ಮೇಲೆ ಮತ್ತೆ ಕಿತ್ತಿದ್ದವು. ನೆಲ ಸಾರಿಸಲು ಕೂಡ್ರು ಎಂದರೆ, "ಮೊಣಕಾಲು ನೋಯ್ತಾವವ್ವಾ" ಎನ್ನುತ್ತಿದ್ದಳು ತನುಜಾ. ಅದಕ್ಕೆ ಸುಶೀಲವ್ವ ಮೈಗಳ್ಳತನ ಎಂದು ಹೆಸರಿಟ್ಟಿದ್ದಳು. ಈಗ ಸೀಳಿದ ಗಾಜಿನ ಮೇಲೆ ಆ ಮೊಣಕಾಲನ್ನು ಬೆರಳಿನಿಂದ ಸವರಿದಳು. ವಿಡಿಯೊ ಮುಂದಕ್ಕೆ ಓಡಿತು.

ಮನೆಗೆ ಬಂದಾಗ ಮೃತ್ಯುಂಜಯ ಇನ್ನೂ ಪಡಸಾಲೆಯಲ್ಲೇ ಇದ್ದ. "ಕಡೀಕ ಕಂಬದ ಹತ್ರ ಹಾರಿ ಬಿದ್ಲು ನೋಡು, ಮುಟ್ಟಾಕ ಆಗಲಿಲ್ಲ. ಅಲ್ಲಿಗೆ ಆಟ ಮುಗೀತು. ಬೀಳಬಾರದಿತ್ತು."

"ನನ್ನ ಹತ್ರ ಇರೂದರಾಗ ಬಿದ್ದಿಲ್ಲ" ಎಂದು ಸುಶೀಲವ್ವ ಪಾತ್ರೆ ತಿಕ್ಕಲು ಕುಳಿತಳು.

ಎರಡು ದಿನದ ಮೇಲೆ ತನುಜಾ ಬಂದಳು. ಪಡಸಾಲೆಯಲ್ಲಿ ಫಕ್ಕೀರಪ್ಪನವರೂ ಒಂದಿಬ್ಬರು ನೆರೆಯವರೂ ಕುಳಿತಿದ್ದರು. "ಒಂದ ಪಾಯಿಂಟಿಗೆ ಹೋತಲ್ಲವಾ" ಎಂದರು. ತನುಜಾ ತಲೆ ತಗ್ಗಿಸಿ, ಚೀಲ ಇಟ್ಟು, ಕೈಕಾಲು ತೊಳೆದು ಅಡುಗೆಮನೆಗೆ ಬಂದಳು. ಚಹಾಕ್ಕೆ ನೀರಿಡಲು ಒಲೆಯ ಮುಂದೆ ಕೂಡಲು ಹೋಗಿ, ಮೊಣಕಾಲು ಮಡಚುವಾಗ ತುಟಿ ಕಚ್ಚಿದಳು.

"ಏಳು" ಎಂದಳು ಸುಶೀಲವ್ವ. "ಚಾ ಆಮ್ಯಾಲೆ. ಆ ಕಂಬ ಹಿಡಿದು ತಿರುಗತಿಯಲ್ಲ, ಅದು ಹೆಂಗ?"

"ನೀ ಯಾವಾಗ ನೋಡಿದ್ಯವ್ವಾ?"

"ಎಷ್ಟ ಸಲ ನೋಡೇನೋ. ಬಾ, ತೋರಸು."

ಕೈ ಹಿಡಿದು ಮಗಳನ್ನು ಪಡಸಾಲೆಗೆ ಎಳೆದು ತಂದಳು. ನಡುವೆ ಸಾಗುವಾನಿ ಕಂಬ, ಅದಕ್ಕೆ ಬೆನ್ನು ಕೊಟ್ಟು ಕುಳಿತ ಮಾವ.

"ಅಜ್ಜಾ, ಸ್ವಲ್ಪ ಸರೀರಿ" ಎಂದಳು ತನುಜಾ, ನಗು ತಡೆಯಲಾರದೆ.

"ಏನ ನಡಸೀರವಾ ತಾಯಿ ಮಗಳು? ಚಾ?"

"ಆಗತೈತ್ರಿ. ಸರೀರಿ" ಎಂದಳು ಸುಶೀಲವ್ವ. ಫಕ್ಕೀರಪ್ಪನವರು ಸರಿದರು.

ತನುಜಾ ಕಂಬ ಹಿಡಿದು ಮೆಲ್ಲಗೆ ಒಂದು ಸುತ್ತು ಬಾಗಿ ತೋರಿಸಿದಳು. ಆಮೇಲೆ ಪಕ್ಕಕ್ಕೆ ನಿಂತಳು. ಸುಶೀಲವ್ವ ಸೆರಗನ್ನು ಸೊಂಟಕ್ಕೆ ಬಿಗಿದು, ದಿನಾ ಒರೆಸುತ್ತಿದ್ದ ಆ ಕಂಬವನ್ನು ಒಂದು ಕೈಯಿಂದ ಹಿಡಿದಳು. ಮೈ ಹೊರಗೆ ಚೆಲ್ಲಿದಳು. ಗೋಡೆ, ಬಾಗಿಲು, ಗಂಡಸರ ಮುಖ ಎಲ್ಲ ಒಂದು ಸುತ್ತು ಓಡಿಹೋದವು.

"ಇನ್ನಷ್ಟು ಬಾಗವ್ವಾ" ಎಂದಳು ತನುಜಾ. "ಅಂಜಬ್ಯಾಡ. ಕಂಬ ಎಲ್ಲಿ ಹೋಗೂದಿಲ್ಲ."

ಸುಶೀಲವ್ವ ಇನ್ನಷ್ಟು ಬಾಗಿದಳು.