ಬದನೆಕಾಯಿ ಉಣ್ಣದವಳ ಡಬ್ಬಿ

೨೦೦೪ರ ಆಗಸ್ಟ್ ತಿಂಗಳ ಒಂದು ಬುಧವಾರ, ಬೆಳಗಿನ ಬಸ್ಸಿಗೆ, ರೋಣದಿಂದ ನರಗುಂದಕ್ಕೆ ತಪ್ಪು ಡಬ್ಬಿ ಹೋಯಿತು. ಒಯ್ದು ಕೊಟ್ಟವನು ನಾನು.

ಅಡುಗೆಮನೆಯ ಕಟ್ಟೆಯ ಮೇಲೆ ಅವತ್ತು ಎರಡು ಊಟದ ಡಬ್ಬಿ ಇದ್ದವು. ಒಂದು ನರಗುಂದದಲ್ಲಿ ಡಿ.ಎಡ್. ಓದುತ್ತಿದ್ದ ಮಗಳದು. ಇನ್ನೊಂದು ನನ್ನದು, ಪತ್ರಿಕೆಯ ಕೆಲಸಕ್ಕೆ ಹಳ್ಳಿ ತಿರುಗುವ ದಿನ ಜೊತೆಗೆ ಒಯ್ಯುವುದು. ಎರಡೂ ಒಂದೇ ಅಂಗಡಿಯ ಸ್ಟೀಲಿನವು, ಒಂದೇ ಅಳತೆ. ಗುರುತು ಇದ್ದದ್ದು ಕಟ್ಟುವ ಬಟ್ಟೆಯಲ್ಲಿ: ಮಗಳದಕ್ಕೆ ಹೂವಿನ ಬಟ್ಟೆ, ನನ್ನದಕ್ಕೆ ಹಳೆ ಟವೆಲ್. ಆ ದಿನ ಎರಡನ್ನೂ ಒಗೆದು ಹಾಕಿದ್ದರಿಂದ ಡಬ್ಬಿಗಳಿಗೆ ಹಳೆಯ ಪೇಪರು ಸುತ್ತಿತ್ತು. ಎಡಗಡೆಯದು ಮಗಳದು ಎಂದು ಹೆಂಡತಿ ಹೇಳಿದ್ದಳಂತೆ. ಕೇಳಿಸಿಕೊಂಡ ನೆನಪು ನನಗಿಲ್ಲ.

ಮಧ್ಯಾಹ್ನ ಅಸೂಟಿಯ ಒಂದು ಕಟ್ಟೆಯ ಮೇಲೆ ಕೂತು ಬಿಚ್ಚಿದರೆ ಹೆಸರುಕಾಳು ಪಲ್ಯ. ಉಂಡೆ. ನನಗೆಂದು ಮಾಡಿದ್ದ ಎಣ್ಣೆಗಾಯಿ, ಅಂದರೆ ಗುರೆಳ್ಳು ಪುಡಿ ತುಂಬಿದ ಇಡೀ ಬದನೆಕಾಯಿ, ಆ ಹೊತ್ತಿಗೆ ನರಗುಂದ ಸೇರಿತ್ತು. ಮಗಳಿಗೆ ಆ ಮಧ್ಯಾಹ್ನ ಬರೀ ರೊಟ್ಟಿ ಗತಿ ಎಂದುಕೊಂಡೆ. ಯಾಕೆಂದರೆ ಅವಳು ಹುಟ್ಟಿದಾಗಿನಿಂದ ಬದನೆಕಾಯಿ ಮುಟ್ಟಿದವಳಲ್ಲ.

ಸಂಜೆ ಡಬ್ಬಿ ವಾಪಸ್ ಬಂತು. ಖಾಲಿ.

ಇಲ್ಲಿ ಸ್ವಲ್ಪ ಹಿಂದಿನದನ್ನು ಹೇಳಬೇಕು. ಜೂನ್‌ನಲ್ಲಿ ಕಾಲೇಜು ಸೇರುವಾಗ ತಾಯಿ-ಮಗಳ ನಡುವೆ ಎರಡು ದಿನ ವಾದ ನಡೆದಿತ್ತು. ದಿನಾ ಬಸ್ಸಿಗೆ ಹೋಗಿ ಬಂದರೆ ಸಾಕು ಎಂದು ತಾಯಿ. ಚಾರ್ಟು ಬರೆಯಬೇಕು, ಪಾಠದ ತಯಾರಿ ಮಾಡಬೇಕು, ಬಸ್ಸಿನಲ್ಲಿ ನಿಂತು ಅದೆಲ್ಲ ಆಗುವುದಿಲ್ಲ, ಗೆಳತಿಯರ ಜೊತೆ ರೂಮು ಮಾಡಿ ಇರುತ್ತೇನೆ ಎಂದು ಮಗಳು. ಕೊನೆಗೆ ಒಂದು ಕರಾರಿನ ಮೇಲೆ ಒಪ್ಪಂದವಾಯಿತು. ಅದನ್ನು ನನ್ನ ಎದುರೇ ಹೇಳಿದ್ದರಿಂದ ಶಬ್ದಶಃ ಬರೆಯಬಲ್ಲೆ:

"ಊಟ ಬಿಟ್ಟಿ ಅಂತ ನನಗ ಯಾವತ್ತ ಗೊತ್ತಾಗತೈತಿ, ಅವತ್ತ ಹಾಸಿಗಿ ಸುತ್ತಿಕೊಂಡು ಬರಬೇಕು. ಮರುದಿನದಿಂದ ಬಸ್ ಪಾಸು."

ಮಗಳು ಹೂಂ ಎಂದಿದ್ದಳು.

ರೂಮಿನಲ್ಲಿ ಮೂವರು. ನಮ್ಮವಳು, ಗಜೇಂದ್ರಗಡದವಳೊಬ್ಬಳು, ಹೊಳೆಮಣ್ಣೂರಿನವಳೊಬ್ಬಳು. ಮನೆಯ ಮಾಲಕಿ ಒಬ್ಬ ಅಜ್ಜಿ, ಕೆಳಗೇ ಇರುತ್ತಿದ್ದಳು. ಮೇಲೆ ಒಲೆ ಹಚ್ಚಬಾರದು, ಮೊಟ್ಟೆ-ಮಾಂಸ ತರಬಾರದು, ಗಂಡಸರು ಅಪ್ಪನೇ ಆದರೂ ಮೆಟ್ಟಿಲು ಹತ್ತಬಾರದು. ನೀರು ನಾಲ್ಕು ದಿನಕ್ಕೊಮ್ಮೆ ಬರುವುದರಿಂದ ಡಬ್ಬಿಯನ್ನು ತೊಳೆಯಲೂಬಾರದು, ಊರಿಗೆ ಹೋಗಿ ತೊಳೆದುಕೊಳ್ಳಲಿ. ಒಲೆ ಇಲ್ಲವೆಂದ ಮೇಲೆ ಊಟ ಬಸ್ಸಿಗೆ ಹೋಗಬೇಕು. ನಮ್ಮ ಕಡೆ ಇದು ಹೊಸದಲ್ಲ. ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಹೋದರೆ ಡ್ರೈವರನ ಪಕ್ಕ ಬಾನೆಟ್ಟಿನ ಹತ್ತಿರ ಡಬ್ಬಿಗಳ ಸಾಲೇ ಕಾಣುತ್ತದೆ. ಅತ್ತ ಮಕ್ಕಳು ಬಂದು ಇಳಿಸಿಕೊಳ್ಳುತ್ತಾರೆ, ಸಂಜೆಯ ಬಸ್ಸಿಗೆ ಖಾಲಿ ಡಬ್ಬಿ ಹತ್ತಿಸುತ್ತಾರೆ.

ನಮ್ಮ ಬಸ್ಸು ಗಜೇಂದ್ರಗಡದಿಂದ ಬರುವಂಥದ್ದು. ನಾನು ನಮ್ಮ ಡಬ್ಬಿ ಇಡುವಾಗ ಅಲ್ಲಿ ಒಂದು ಡಬ್ಬಿ ಮೊದಲೇ ಕೂತಿರುತ್ತಿತ್ತು. ಎತ್ತರದ ತಗಡಿನದು, ಹಿತ್ತಾಳೆ ಕೊಂಡಿ, ಕೈಯಿಂದ ಮಾಡಿದ್ದು ಎಂದು ನೋಡಿದರೆ ತಿಳಿಯುವಂತಿತ್ತು. ಎರಡು ತಿಂಗಳು ದಿನಾ ಪಕ್ಕದಲ್ಲಿಟ್ಟು ಬಂದರೂ ಅದು ಯಾರದೆಂದು ನಾನು ಕೇಳಿರಲಿಲ್ಲ.

ಹೊಳೆಮಣ್ಣೂರಿನ ಬಸ್ಸು ಬೇರೆ ದಾರಿಯದು. ಆ ಹುಡುಗಿ ಸೋಮವಾರ ಬರುವಾಗ ವಾರಕ್ಕಾಗುವಷ್ಟು ಒಣಗಿಸಿದ ಕಟಕ ರೊಟ್ಟಿ, ಶೇಂಗಾ ಚಟ್ನಿ ಗಂಟು ಕಟ್ಟಿಕೊಂಡು ಬರುತ್ತಿದ್ದಳು.

ಬುಧವಾರ ಸಂಜೆ ನನ್ನ ಹೆಂಡತಿ ಖಾಲಿ ಡಬ್ಬಿಯನ್ನು ಬಾಗಿಲಿಗೆ ಒಯ್ದು ಬೆಳಕಿಗೆ ಹಿಡಿದು ನೋಡಿದಳು. ತಪ್ಪು ನನ್ನದು ಎಂದು ನಾನು ಒಪ್ಪಿಕೊಂಡೆ. ಅವಳಿಗೆ ಅದು ಬೇಕಿರಲಿಲ್ಲ. ಮಗಳು ಚೆಲ್ಲಿರಬಹುದು ಎಂದೆ. ಚೆಲ್ಲಿದ್ದರೆ ಮೂಲೆಯಲ್ಲಿ ಎಣ್ಣೆ ನಿಲ್ಲುತ್ತದೆ, ಇದನ್ನು ರೊಟ್ಟಿಯಿಂದ ಒರೆಸಿ ಉಂಡಿದ್ದಾರೆ, ನೋಡಿ ಎಂದು ಡಬ್ಬಿಯನ್ನು ನನ್ನ ಮುಖದ ಮುಂದೆ ಹಿಡಿದಳು. ಖರೇ, ಮುಖ ಕಾಣುವಷ್ಟು ಸ್ವಚ್ಛವಿತ್ತು.

ಶುಕ್ರವಾರ ಅವಳು ಬೇಕೆಂದೇ ಬದನೆಕಾಯಿ ಕಳಿಸಿದಳು. ಡಬ್ಬಿ ಅದೇ ಸ್ಥಿತಿಯಲ್ಲಿ ಬಂತು.

ಭಾನುವಾರ ಮಗಳು ಕಾಯಿನ್ ಬಾಕ್ಸಿನಿಂದ ಫೋನ್ ಮಾಡಿದಳು. ಚಾರ್ಟಿನ ಕೆಲಸ ಇದ್ದುದರಿಂದ ಆ ವಾರ ಊರಿಗೆ ಬಂದಿರಲಿಲ್ಲ. ಹವಾ, ಮಳಿ, ಓದು ಎಲ್ಲ ಕೇಳಿದ ಮೇಲೆ ತಾಯಿ ಬಹಳ ಮೆತ್ತಗೆ ಕೇಳಿದಳು:

"ಶುಕ್ರವಾರದ್ದು ಪಲ್ಯ ಹ್ಯಾಂಗ ಆಗಿತ್ತವಾ?"

ಆ ಕಡೆಯಿಂದ ಬಂದ ಉತ್ತರ ನನಗೂ ಕೇಳಿಸಿತು. "ಭಾಳ ಚಲೋ ಆಗಿತ್ತ ಬೇ. ಹೆಸರಕಾಳ ನೀ ಮಾಡಿದಂಗ ಯಾರೂ ಮಾಡೂದಿಲ್ಲ."

ಇಪ್ಪತ್ತು ವರ್ಷ ನಾನು ಜನರನ್ನು ಪ್ರಶ್ನೆ ಕೇಳಿ ಬದುಕಿದ್ದೇನೆ. ಇಷ್ಟು ಚಿಕ್ಕ ಪ್ರಶ್ನೆಯಿಂದ ಇಷ್ಟು ದೊಡ್ಡ ಉತ್ತರ ತೆಗೆದದ್ದು ನೆನಪಿಲ್ಲ. ಹೆಂಡತಿ ರಿಸೀವರ್ ಇಟ್ಟು ತೀರ್ಮಾನ ಹೇಳಿದಳು. ಡಬ್ಬಿಯನ್ನು ಬೇರೆ ಯಾರೋ ಉಣ್ಣುತ್ತಿದ್ದಾರೆ. ಇವಳು ಡಬ್ಬಿಯ ಮುಚ್ಚಳವನ್ನೂ ತೆಗೆದಿಲ್ಲ. ಎರಡು ತಿಂಗಳಿಂದ ಉಪವಾಸ. ನೀವು ನಾಳೆ ಹೋಗಿ ಕಣ್ಣಾರೆ ನೋಡಿ. ಉಣ್ಣುತ್ತಿಲ್ಲ ಎಂದಾದರೆ ಹಾಸಿಗೆ ಸಮೇತ ಕರೆದುಕೊಂಡು ಬನ್ನಿ. ಹಾಸಿಗೆ ಕಟ್ಟಲು ಹಗ್ಗವನ್ನೂ ತೆಗೆದಿಟ್ಟಳು.

ಸೋಮವಾರ ಬೆಳಿಗ್ಗೆ ಡಬ್ಬಿ ಬಸ್ಸಿಗೆ ಹೋಯಿತು, ಮೂರನೆಯ ಸಲ ಬದನೆಕಾಯಿ. ಅದರ ನಂತರದ ಬಸ್ಸಿಗೆ ನಾನು ಹೋದೆ. ಹಗ್ಗ ಚೀಲದಲ್ಲಿತ್ತು.

ಅಜ್ಜಿಯ ಮನೆ ತಲುಪಿದಾಗ ಹನ್ನೆರಡಾಗಿತ್ತು. ಊಟದ ಬಿಡುವಿಗೆ ಹುಡುಗಿಯರು ಬರಲು ಇನ್ನೂ ಸಮಯವಿತ್ತು. ಕಟ್ಟೆಯ ಮೇಲೆ ನನ್ನ ವಯಸ್ಸಿನ ಒಬ್ಬರು ಬಿಳಿ ಟೊಪ್ಪಿಗೆ ಹಾಕಿಕೊಂಡು ಕೂತಿದ್ದರು. ನನ್ನನ್ನು ನೋಡಿ ಸರಿದು ಜಾಗ ಕೊಟ್ಟರು.

"ಬರ್ರಿ ಸಾಹೇಬ್ರ. ಮ್ಯಾಲೆ ಬಿಡಂಗಿಲ್ಲಂತ. ನಾ ಆಗಲೇ ಕೇಳಿ ಬೈಸ್ಕೊಂಡೀನಿ."

ಗಜೇಂದ್ರಗಡದವರು. ಟ್ರಂಕು, ಡಬ್ಬಿ ಮಾಡುವ ತಗಡಿನ ಕೆಲಸ. ಹಿತ್ತಾಳೆ ಕೊಂಡಿಯ ಡಬ್ಬಿ ಇವರ ಕೈಯದೇ. ನಾನು ರೋಣದ ಡಬ್ಬಿಯವನು ಎಂದು ಹೇಳಿದೆ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

ಅವರು ಬಂದ ಕಾರಣವನ್ನು ಅವರ ಮಾತಿನಲ್ಲೇ ಸಂಗ್ರಹಿಸಿ ಹೇಳುತ್ತೇನೆ. ನಿನ್ನೆ ಭಾನುವಾರ ಮಗಳು ಊರಿಗೆ ಬಂದಿದ್ದಳು. ತಾಯಿ ಬದನೆಕಾಯಿ ಮಾಡಿ ಬಡಿಸಿದ್ದಾಳೆ. ಹುಡುಗಿ ಒಂದು ತುತ್ತು ಉಂಡು, ಇದಕ್ಕೆ ಗುರೆಳ್ಳು ಕಡಿಮೆಯಾಗಿದೆ ಎಂದಿದ್ದಾಳೆ. ತಾಯಿ ಇಪ್ಪತ್ತೆರಡು ವರ್ಷದಿಂದ ಬದನೆಕಾಯಿಗೆ ಗುರೆಳ್ಳೇ ಹಾಕಿದವಳಲ್ಲ. ಹುಡುಗಿ ಸಂಜೆಯ ಬಸ್ಸಿಗೆ ನರಗುಂದಕ್ಕೆ ಹೋದ ಮೇಲೆ ತಾಯಿಗೆ ಸಂಶಯ ಹತ್ತಿದೆ. ಹಾಗಾದರೆ ಇವಳು ಎಲ್ಲಿ ಉಂಡಳು? ಹೋಟೆಲಿನಲ್ಲೋ? ಮನೆಯ ಡಬ್ಬಿ ಏನಾಗುತ್ತಿದೆ? ಬೆಳಗಾಗುವುದರೊಳಗೆ ಗಂಡನನ್ನು ಎಬ್ಬಿಸಿ ಕಳಿಸಿದ್ದಾಳೆ.

"ನಿಮಗೂ ಮನಿಯವರು ಕಳಿಸ್ಯಾರೇನ್ರಿ?" ಎಂದು ಕೇಳಿದರು. ಹೌದು ಎಂದೆ. ನನ್ನ ಚೀಲದಲ್ಲಿ ಹಗ್ಗ ಇರುವುದನ್ನು ಹೇಳಲಿಲ್ಲ.

ಅಜ್ಜಿ ಬಾಗಿಲಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ನಮ್ಮ ಮಾತನ್ನೆಲ್ಲ ಕೇಳಿಸಿಕೊಂಡಿದ್ದಳು. ಏನಾದರೂ ಗೊತ್ತೇ ಎಂದು ವಿಚಾರಿಸಿದೆ.

"ಎರಡೂ ಡಬ್ಬಿ ಮ್ಯಾಲೆ ಹೋಗ್ತಾವು, ಎರಡೂ ಡಬ್ಬಿ ಕೆಳಗ ಬರ್ತಾವು. ನಡಕ ಏನಾಗತೈತಿ ಅಂತ ನೋಡಾಕ ನನ್ನ ಮೊಣಕಾಲ ಮೆಟ್ಟಲಾ ಹತ್ತಂಗಿಲ್ಲಪಾ," ಎಂದಳು. ಆಮೇಲೆ, ನಗು ಮಾತ್ರ ಜೋರಾಗಿ ಕೇಳಿಸುತ್ತದೆ, ಉಪವಾಸ ಇದ್ದವರು ಹಾಗೆ ನಗುವುದಿಲ್ಲ ಎಂದು ತನ್ನ ಅಭಿಪ್ರಾಯ ಸೇರಿಸಿದಳು.

ಹುಡುಗಿಯರು ಬಂದರು. ಬಸ್ ಸ್ಟ್ಯಾಂಡಿನಿಂದ ತಂದ ಎರಡೂ ಡಬ್ಬಿ ಅವರ ಕೈಯಲ್ಲಿದ್ದವು. ನಮ್ಮ ಸ್ಟೀಲಿನ ಡಬ್ಬಿ ಗಜೇಂದ್ರಗಡದವಳ ಕೈಯಲ್ಲಿ, ತಗಡಿನ ಡಬ್ಬಿ ನಮ್ಮವಳ ಕೈಯಲ್ಲಿ. ಕಟ್ಟೆಯ ಮೇಲೆ ಇಬ್ಬರು ಅಪ್ಪಂದಿರನ್ನು ನೋಡಿದ್ದೇ, ಡಬ್ಬಿಗಳು ಕಣ್ಣು ಮಿಟುಕಿಸುವುದರೊಳಗೆ ಕೈ ಬದಲಾಯಿಸಿದವು. ನಾವು ನೋಡಿಲ್ಲ ಎಂದು ಅವರು ತಿಳಿದರು.

ಮೇಲೆ ಹೋಗುವಂತಿಲ್ಲವಲ್ಲ, ಇಲ್ಲೇ ಉಣ್ಣಿರಿ, ನಾವೂ ನೋಡುತ್ತೇವೆ ಎಂದೆ. ಮೂವರೂ ಕೆಳಗೆ ಪಡಸಾಲೆಯಲ್ಲಿ ಕೂತರು. ನಮ್ಮವಳು ನಮ್ಮ ಡಬ್ಬಿ ತೆಗೆದಳು. ಬದನೆಕಾಯಿ. ನನ್ನ ಮುಖ ನೋಡಿದಳು, ನನ್ನ ಚೀಲ ನೋಡಿದಳು. ಚೀಲದ ಬಾಯಲ್ಲಿ ಹಗ್ಗದ ತುದಿ ಹೊರಗೆ ಬಂದಿತ್ತು. ಅವಳಿಗೆ ಎಲ್ಲ ತಿಳಿಯಿತು. ರೊಟ್ಟಿ ಮುರಿದು ಒಂದು ಬದನೆಕಾಯಿಯ ಕಾಲು ಭಾಗವನ್ನು ಬಾಯಿಗಿಟ್ಟುಕೊಂಡು, ಕಣ್ಣು ಮುಚ್ಚಿ ಅಗಿದಳು. ಹದಿನೆಂಟು ವರ್ಷದಲ್ಲಿ ಅದು ಮೊದಲ ತುತ್ತು ಎಂಬುದನ್ನು ನಾನು ದೃಢಪಡಿಸುತ್ತೇನೆ.

ಪಕ್ಕದಲ್ಲಿ ಗಜೇಂದ್ರಗಡದವಳು ತನ್ನ ಮನೆಯ ಮೆಂತೆ ಬೇಳೆಯನ್ನು ಬೆರಳಿನಿಂದ ಅತ್ತಿತ್ತ ಮಾಡುತ್ತ, ಬದನೆಕಾಯಿಯನ್ನೇ ನೋಡುತ್ತಿದ್ದಳು. ಎರಡನೆಯ ತುತ್ತಿಗೆ ನಮ್ಮವಳ ಕಣ್ಣಲ್ಲಿ ನೀರು ಬಂತು. ಆಗ ಹೊಳೆಮಣ್ಣೂರಿನವಳು ತಡೆಯಲಾರದೆ ನಕ್ಕು, ಎರಡೂ ಡಬ್ಬಿ ಎತ್ತಿ ಅದಲುಬದಲು ಮಾಡಿಟ್ಟಳು.

"ಸಾಕ ಬಿಡ್ರೆ, ಸಾಯ್ತೀರಿ," ಎಂದಳು. ನಮ್ಮ ಕಡೆ ತಿರುಗಿ, "ಹದಿನೆಂಟ ವರ್ಷ ಉಂಡದ್ದನ್ನ ಇಲ್ಲೂ ಉಣ್ಣಬೇಕೇನ್ರಿ ಕಾಕಾ? ಮತ್ತ ರೂಮ್ ಯಾಕ ಮಾಡಬೇಕಿತ್ತು?"

ಆಮೇಲೆ ವಿಷಯ ಪೂರ್ತಿ ಹೊರಬಂತು. ಮೊದಲ ವಾರದಿಂದಲೂ ರೋಣದ ಡಬ್ಬಿ ಗಜೇಂದ್ರಗಡದವಳಿಗೆ, ಗಜೇಂದ್ರಗಡದ ಡಬ್ಬಿ ರೋಣದವಳಿಗೆ. ಬದನೆಕಾಯಿ ಒಂದನ್ನು ಬಿಟ್ಟು ಎರಡರಲ್ಲೂ ಹೊಳೆಮಣ್ಣೂರಿನವಳಿಗೆ ಪಾಲು. ರಾತ್ರಿ ಊಟಕ್ಕೆ ಅವಳ ಕಟಕ ರೊಟ್ಟಿ ಮೂವರಿಗೂ. ತನ್ನ ಮನೆಯ ಡಬ್ಬಿಯಲ್ಲಿ ಏನಿದೆ ಎಂದು ನಮ್ಮವಳು ನೋಡುತ್ತಲೇ ಇರಲಿಲ್ಲ, ಫೋನಿನಲ್ಲಿ ಹೆಸರುಕಾಳು ಎಂದದ್ದು ಅಂದಾಜಿಗೆ. ಊಟ ಯಾರೂ ಬಿಟ್ಟಿರಲಿಲ್ಲ. ನಮ್ಮವಳು ಎರಡು ತಿಂಗಳಲ್ಲಿ ಒಂದಿಷ್ಟು ದಪ್ಪವೇ ಆಗಿದ್ದಳು. ಅದನ್ನು ನಾನು ಮೊದಲೇ ಗಮನಿಸಬೇಕಿತ್ತು.

ತಗಡಿನ ಕೆಲಸದವರು ತಮ್ಮ ಮಗಳು ನಮ್ಮ ಡಬ್ಬಿಯನ್ನು ರೊಟ್ಟಿಯಿಂದ ಒರೆಸುವುದನ್ನು ನೋಡುತ್ತ ಕೂತರು. "ಇದನ್ನ ಮನ್ಯಾಗ ಹ್ಯಾಂಗ ಹೇಳೂದ್ರಿ ಸಾಹೇಬ್ರ?" ಎಂದು ಮೆಲ್ಲಗೆ ಕೇಳಿದರು. ಇದ್ದದ್ದು ಇದ್ದಂಗ ಹೇಳ್ರಿ ಭಾಯಿ ಎಂದೆ. ಅದು ನಿಮಗೆ ಪತ್ರಿಕೆಯಲ್ಲಿ ನಡೆಯುತ್ತದೆ, ನನಗೆ ಅಡುಗೆಮನೆಯಲ್ಲಿ ನಡೆಯುವುದಿಲ್ಲ ಎಂಬರ್ಥದ ಮಾತು ಹೇಳಿದರು.

ಹೊರಡುವಾಗ ಮಗಳು ಬಾಗಿಲ ತನಕ ಬಂದಳು. "ಅಪ್ಪಾ, ಹಾಸಿಗಿ ಸುತ್ತಲೇನು?" ಎಂದು ಕೇಳಿದಳು. ಆ ಪ್ರಶ್ನೆಗೆ ಉತ್ತರ ಕೊಡುವ ಅಧಿಕಾರ ನನ್ನದಲ್ಲ, ನಿಮ್ಮ ಅವ್ವನಿಗೆ ಒಪ್ಪಿಸುತ್ತೇನೆ ಎಂದು ಬಸ್ಸು ಹತ್ತಿದೆ.

ಮನೆಯಲ್ಲಿ ಹೆಂಡತಿ ನಿಂತೇ ವಿಚಾರಣೆ ಮಾಡಿದಳು. ಮಗಳು ಊಟ ಬಿಟ್ಟಿಲ್ಲ ಎಂದು ಮೊದಲು ಹೇಳಿ, ಉಳಿದದ್ದನ್ನು ಕ್ರಮವಾಗಿ ಹೇಳಿದೆ. ನಮ್ಮ ಮನೆಯಲ್ಲಿ ಯಾರ ಮನೆಯ ಊಟ ಉಣ್ಣಬೇಕು ಎಂಬ ವಿಷಯದಲ್ಲಿ ಹಿರಿಯರ ಕಾಲದಿಂದ ಒಂದಿಷ್ಟು ಕಟ್ಟುನಿಟ್ಟು ಇತ್ತು. ಅದು ಬರುತ್ತದೆ ಎಂದು ನಾನು ಕಾದೆ. ಬಂದದ್ದು ಬೇರೆ.

"ಆ ಹುಡುಗಿ ಎಷ್ಟ ಬದನಿಕಾಯಿ ಉಂಡಳು?"

"ಐದೂವರಿ. ಅರ್ಧ ನಮ್ಮಾಕಿ ಉಂಡಿದ್ದಳು."

"ಎಲ್ಲಾ?"

"ಡಬ್ಬಿ ನಾನ ನೋಡೀನಿ."

ಗಜೇಂದ್ರಗಡದ ಮೆಂತೆ ಬೇಳೆಗೆ ಬೆಳ್ಳುಳ್ಳಿ ಎಷ್ಟು ಹಾಕಿದ್ದರು ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಅಷ್ಟು ದೂರ ಹೋಗಿ ಅದನ್ನೂ ಕೇಳಿ ಬರಲಿಲ್ಲವೇ ಎಂದಳು. ನಮ್ಮ ಮಗಳು ಹೆಸರುಕಾಳಿನ ವಿಷಯದಲ್ಲಿ ಸುಳ್ಳು ಹೇಳಿದ್ದನ್ನು ಮಾತ್ರ ಬಿಡಲಿಲ್ಲ. ಅದರ ವಿಚಾರಣೆ ದಸರಾ ರಜೆಗೆ ಎಂದು ಮುಂದೂಡಿದಳು. ರೂಮಿನ ವಿಷಯ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಮಂಗಳವಾರ ಬೆಳಿಗ್ಗೆ ಎದ್ದಾಗ ಒಲೆಯ ಮೇಲೆ ಗುರೆಳ್ಳು ಹುರಿಯುವ ವಾಸನೆ ಬರುತ್ತಿತ್ತು. ಕಟ್ಟೆಯ ಮೇಲೆ ಹೂವಿನ ಬಟ್ಟೆ ಕಟ್ಟಿದ ಡಬ್ಬಿ ಇತ್ತು. ಹಗ್ಗ ಹಿತ್ತಲಲ್ಲಿ, ಅದರ ಮೇಲೆ ನನ್ನ ಟವೆಲ್ ಒಣಗುತ್ತಿತ್ತು.

ಬಸ್ಸಿನಲ್ಲಿ ತಗಡಿನ ಡಬ್ಬಿ ಮೊದಲೇ ಕೂತಿತ್ತು. ಅಂದರೆ ಆ ಮನೆಯಲ್ಲೂ ತೀರ್ಪು ಅದೇ ಆಗಿತ್ತು. ಅದರ ಕೊಂಡಿಗೆ ಒಂದು ಚೀಟಿ ಕಟ್ಟಿತ್ತು. ಬೇರೆಯವರ ಚೀಟಿ ಓದಬಾರದು. ಓದಿದೆ. ರೋಣದ ಹುಡುಗಿಗೆ ಖಾರ ಹೆಚ್ಚಾದರೆ ತಿಳಿಸಬೇಕು ಎಂದು ಬರೆದಿತ್ತು.

ಮಗಳು ಎರಡು ವರ್ಷವೂ ಆ ರೂಮಿನಲ್ಲೇ ಇದ್ದು ಓದಿದಳು. ಇಬ್ಬರು ತಾಯಂದಿರೂ ಅಷ್ಟು ದಿನ ಪರರ ಮಗಳಿಗೆ ಅಡುಗೆ ಮಾಡಿದರು. ದಸರಾ ರಜೆಗೆ ಮಗಳು ಬಂದಾಗ ಅವಳಿಗೆ ಸಿಕ್ಕಿದ್ದು ಬದನೆಕಾಯಿ. ಮುಟ್ಟಲಿಲ್ಲ.

೨೦೦೬ರಲ್ಲಿ ಮೂವರೂ ಪಾಸಾದರು. ನಮ್ಮವಳು ಈಗ ಪುರ್ತಗೇರಿಯ ಸಾಲಿಯಲ್ಲಿ ಟೀಚರ್. ಗಜೇಂದ್ರಗಡದವಳಿಗೆ ಮದುವೆಯಾಗಿ ವರ್ಷದ ಮೇಲಾಯಿತು. ಈ ವರ್ಷ, ೨೦೦೯ರಲ್ಲಿ, ಬಸುರಿಯಾಗಿ ತವರಿಗೆ ಬಂದಿದ್ದಾಳೆ. ಏನೂ ಸೇರುತ್ತಿಲ್ಲ, ಒಂದನ್ನೇ ಕೇಳುತ್ತಿದ್ದಾಳೆ ಎಂದು ಹೋದ ಸೋಮವಾರ ಅವಳ ತಾಯಿಯ ಫೋನ್ ಬಂತು. ಮಂಗಳವಾರ ಬೆಳಿಗ್ಗೆ ಗಜೇಂದ್ರಗಡದ ಬಸ್ಸಿಗೆ ಹೂವಿನ ಬಟ್ಟೆ ಕಟ್ಟಿದ ಡಬ್ಬಿ ಇಟ್ಟು ಬಂದೆ. ಡಬ್ಬಿ ಇನ್ನೂ ವಾಪಸ್ ಬಂದಿಲ್ಲ.