ಏರಿನಲ್ಲಿ ಬೈಸಿಕೊಂಡದ್ದು

ನಮ್ಮ ಯಜಮಾನರಿಗೆ ಎದೆನೋವು ಶುರುವಾದದ್ದು ಅವರು ಕೆಲಸ ಮಾಡುವ ಮಡ್ಕಯಿಯ ಕಾರ್ಖಾನೆಯ ಮೆಟ್ಟಿಲು ಹತ್ತುವಾಗ. ಹೃದಯದ ಒಂದು ರಕ್ತನಾಳ ಕಿರಿದಾಗಿದೆ, ಸದ್ಯಕ್ಕೆ ಆಪರೇಶನ್ ಬೇಡ, ಮಾತ್ರೆ ತಗೊಂಡು ದಿನಾ ನಡೆಯಲಿ ಎಂದರು ಡಾಕ್ಟರು. ಹೃದಯಕ್ಕೆ ತನ್ನ ಪಾಲಿನ ರಕ್ತ ಹೆಚ್ಚಾಗಿ ಸಿಗುವುದು ಎರಡು ಬಡಿತಗಳ ನಡುವಿನ ಬಿಡುವಿನಲ್ಲಂತೆ. ನಡೆದು ರೂಢಿಯಾದರೆ ಅದೇ ಕೆಲಸ ಕಡಿಮೆ ಬಡಿತದಲ್ಲಿ ಆಗುತ್ತದೆ, ಬಿಡುವು ಹೆಚ್ಚುತ್ತದೆ. ರಕ್ತನಾಳಗಳೂ ಬೇಕಾದಾಗ ಚೆನ್ನಾಗಿ ಹಿಗ್ಗುತ್ತವೆ. ಕಿರಿದಾದ ಜಾಗ ಮಾತ್ರ ಬಹುಶಃ ಹಾಗೇ ಇರುತ್ತದೆ ಎಂದೂ ಹೇಳಿದರು. ನನ್ನ ತಲೆಯಲ್ಲಿ ಕೂತದ್ದು ಅದೊಂದೇ.

ಧಾರವಾಡದಿಂದ ಅತ್ತೆ ಫೋನಿನಲ್ಲಿ ಅತ್ತರು. "ಎದಿ ನೋವು ಇದ್ದವನ್ನ ಯಾರರ ಏರು ಹತ್ತಸ್ತಾರೇನವಾ? ಮಲಗಿಸಿ ಇಡಬೇಕು."

ಡಾಕ್ಟರ ಮಾತೂ ಉಳಿಯಲಿ, ಅತ್ತೆಯ ಮಾತೂ ಉಳಿಯಲಿ ಎಂದು ನಾನೊಂದು ಉಪಾಯ ಮಾಡಿದೆ. ಬೆಳಿಗ್ಗೆ ಮನೆಯ ಹತ್ತಿರದ ಏರುದಾರಿಯಲ್ಲಿ ಅವರು ಮುಂದೆ ನಡೆಯುವುದು, ನಾನು ಪರ್ಸಿನಲ್ಲಿ ಮಾತ್ರೆ ಇಟ್ಟುಕೊಂಡು ಹಿಂದೆ ಸ್ಕೂಟರಿನಲ್ಲಿ ಬರುವುದು. ನೋವು ಬಂದರೆ ಕೂರಿಸಿಕೊಂಡು ಬಂದರಾಯಿತು. ಒಂದು ದಿನ ಸೈಕಲ್ ಮೇಲೆ ಪಾವ್ ಮಾರುವವನು ನಮ್ಮನ್ನು ಕಂಡು ಮರುಗಿದ. "ಭಾಭಿ, ಝಗಡಾ ಹುವಾ ಕ್ಯಾ?" ಎಂದು ಕೇಳಿ, ಸಿಟ್ಟು ಬಿಟ್ಟು ಗಾಡಿ ಹತ್ತಿ ಎಂದು ಯಜಮಾನರಿಗೆ ಬುದ್ಧಿಯನ್ನೂ ಹೇಳಿದ. ಏರಿನಲ್ಲಿ ಉಸಿರು ಸಾಲದೆ ಅವರಿಗೆ ಮಾತೇ ಹೊರಡುತ್ತಿರಲಿಲ್ಲ. ಅರ್ಧಕ್ಕೆ, ದಾರಿಬದಿಯ ಶಿಲುಬೆಯ ಹತ್ತಿರ, ಎದೆ ಹಿಡಿದು ನಿಂತುಬಿಡುತ್ತಿದ್ದರು. ನಾನು ಗಾಬರಿಯಲ್ಲಿ ಹಾರ್ನ್ ಹೊಡೆದು, ಪರ್ಸಿನಲ್ಲಿ ಮಾತ್ರೆ ತಡಕುತ್ತಿದ್ದೆ.

ಮಳೆಗಾಲ ಕಳೆಯಿತು. ನಿಲ್ಲುವುದು ಕಡಿಮೆಯಾಗುತ್ತ ಬಂತು, ಆದರೂ ನಾನು ಸ್ಕೂಟರ್ ಬಿಡಲಿಲ್ಲ. ಒಂದು ಬೆಳಿಗ್ಗೆ ಅವರೇ ಕೀಲಿ ಕಿತ್ತು ಕಿಸೆಗೆ ಹಾಕಿಕೊಂಡು, "ಇವತ್ತ ನಡಕೋತ ಬಾ," ಎಂದರು.

ಏರು ಶುರುವಾಗಿದ್ದೇ ತಡ, ಅವರ ಬೈಗುಳವೂ ಶುರುವಾಯಿತು. "ನಾ ಏನ್ ದನಾ ಏನ, ಹಿಂದಿಂದ ಹೊಡಕೊಂಡ ಬರಾಕ? ಒಂಚೂರು ನಿಂತ್ರ ಸಾಕು, ಹಾರ್ನ್ ಹೊಡೀತಿ. ಊರ ಮಂದಿ ಎಲ್ಲಾ ನಗಾಕತ್ತಾರ. ಅದ ಇರಲಿ, ನಿನ್ನೆ ಉಪ್ಪಿಟ್ಟಿಗೆ ಉಪ್ಪ ಹಾಕಿದ್ದೇನು?" ಶಿಲುಬೆ ದಾಟಿತು. ಅವರ ಬಾಯಿ ನಿಲ್ಲಲಿಲ್ಲ, ಕಾಲೂ ನಿಲ್ಲಲಿಲ್ಲ. ಏರಿನ ತುದಿಯಲ್ಲಿ ಹಿಂತಿರುಗಿ ನೋಡಿದಾಗ ನಾನು ಸೊಂಟ ಹಿಡಿದು ಏದುಸಿರು ಬಿಡುತ್ತ, ಕಣ್ಣೊರೆಸಿಕೊಳ್ಳುತ್ತಿದ್ದೆ.

ಅವರು ಗಾಬರಿಯಾದರು. "ಯಾಕ, ಭಾಳ ಬೈದೆನೇನು?"

"ಇಲ್ರಿ," ಎಂದೆ. "ಇನ್ನೊಂಚೂರು ಬೈರಿ."